ಹಳೆಯ ಗೋಡೆಗಳ ನಡುವೆ ಹೊಸ ಕಚೇರಿ

ಸರಕಾರಿ ಕಚೇರಿ ಎಂದ ಕೂಡಲೆ ನಮ್ಮಲ್ಲಿ ಹಲವರ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಎತ್ತರದ ಛಾವಣಿ, ದಪ್ಪ ಗೋಡೆ, ಉದ್ದನೆಯ ಜಗಲಿ, ಜಗಲಿಯಲ್ಲಿ ಅರ್ಜಿ ಹಿಡಿದು ನಿಂತ ಜನ. ಒಳಗೆ ಕಬ್ಬಿಣದ ಬೀರುಗಳ ಸಾಲು, ಬೀರುಗಳ ತಲೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಕಡತಗಳ ಗಂಟು, ಪ್ಲೈವುಡ್ಡಿನ ಅಡ್ಡಗೋಡೆ, ಹಾಡಹಗಲಲ್ಲೂ ಉರಿಯುವ ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಜೋತುಬಿದ್ದ ವಯರು. ಗಡಿನಾಡಿನ ಕನ್ನಡಿಗರಾದ ನಮಗಂತೂ ಈ ಬಾಗಿಲುಗಳು ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಬರೆದ ಅರ್ಜಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂದು ಕೇಳುತ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದವರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ.

ಇಂಥ ಕಚೇರಿಗಳಲ್ಲಿ ಎಷ್ಟೋ ಇರುವುದು ನೂರು, ನೂರೈವತ್ತು ವರ್ಷ ಹಳೆಯ ಕಟ್ಟಡಗಳಲ್ಲಿ. ಅವುಗಳ ಮಾತು ಬಂದಾಗ ಎರಡು ದನಿಗಳು ಏಳುತ್ತವೆ. “ಕೆಡವಿ ಹೊಸದು ಕಟ್ಟಿ” ಎಂಬುದು ಒಂದು. “ಒಂದು ಕಲ್ಲನ್ನೂ ಮುಟ್ಟಬೇಡಿ” ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದರೆ ಊರಿನ ನೆನಪು ಹೋಗುತ್ತದೆ. ಎರಡನೆಯದನ್ನು ಕೇಳಿದರೆ ಅಲ್ಲಿ ಕುಳಿತು ದುಡಿಯುವವರ ಆರೋಗ್ಯ ಹೋಗುತ್ತದೆ, ಒಮ್ಮೊಮ್ಮೆ ಪ್ರಾಣವೂ ಹೋಗುತ್ತದೆ. ಇವೆರಡರ ನಡುವೆ ಒಂದು ದಾರಿಯಿದೆ. ಗೋಡೆ ಹಳೆಯದಾಗಿಯೇ ಇರಲಿ, ಒಳಗಿನ ಕೆಲಸದ ಜಾಗ ಹೊಸದಾಗಲಿ ಎಂಬ ದಾರಿ. ಅದರಲ್ಲಿ ನಡೆದವರ ಅನುಭವವನ್ನು ಈ ಪುಟಗಳಲ್ಲಿ ನೋಡೋಣ.

ಕರಣಿಕರ ಮನೆ ಸಚಿವಾಲಯವಾದ ಕಥೆ

ನಮ್ಮ ದೇಶದಲ್ಲಿ ಇದಕ್ಕೆ ಬಹು ದೊಡ್ಡ ಉದಾಹರಣೆ ಕೊಲ್ಕತ್ತದ ರೈಟರ್ಸ್ ಬಿಲ್ಡಿಂಗ್. ಹೆಸರು ಕೇಳಿ ಸಾಹಿತಿಗಳ ಭವನವೆಂದು ತಿಳಿಯಬಾರದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಲೆಕ್ಕ ಬರೆಯುವ, ಪತ್ರ ನಕಲು ಮಾಡುವ ಕಿರಿಯ ನೌಕರರಿಗೆ ‘ರೈಟರ್’ ಎಂದು ಹೆಸರು. ವಯನಾಡು, ನೀಲಗಿರಿಯ ತೋಟಗಳಲ್ಲಿ ಆಳುಗಳ ಹಾಜರಿ ಬರೆಯುವ ರೈಟರರನ್ನು ಬಲ್ಲ ನಮ್ಮ ಓದುಗರಿಗೆ ಈ ಮಾತಿಗೆ ವಿವರಣೆ ಬೇಕಿಲ್ಲ. ಇಂಗ್ಲೆಂಡಿನಿಂದ ಬರುವ ಅಂಥ ತರುಣರ ವಾಸಕ್ಕಾಗಿ ಥಾಮಸ್ ಲಿಯೋನ್ ಎಂಬವರು 1777ರಲ್ಲಿ ಈ ಕಟ್ಟಡದ ಕೆಲಸ ತೊಡಗಿದರು. ಒಂದು ಕಾಲಕ್ಕೆ ಅಲ್ಲಿ ಸಂತ ಅನ್ನಮ್ಮನವರ ಹೆಸರಿನ ಇಂಗ್ಲಿಷರ ಚರ್ಚ್ ಇತ್ತು. 1756ರ ಮುತ್ತಿಗೆಯಲ್ಲಿ ಅದು ನಾಶವಾದ ಮೇಲೆ ಜಾಗ ಖಾಲಿ ಬಿದ್ದಿತ್ತು. ಕರಣಿಕರ ಮನೆ ಎದ್ದದ್ದು ಆ ನಿವೇಶನದಲ್ಲಿ.

1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜು ಆರಂಭವಾಯಿತು. ಕಂಪನಿಯ ಅಧಿಕಾರಿಗಳಿಗೆ ಭಾರತದ ಭಾಷೆಗಳನ್ನು ಕಲಿಸುವ ಸಂಸ್ಥೆಯದು. ಅದು ಕೆಲವು ದಶಕಗಳ ಕಾಲ ಈ ಕಟ್ಟಡವನ್ನು ಬಳಸಿತು. ಮಲಗುವ ಕೋಣೆಗಳ ಜೊತೆಗೆ ಪಾಠದ ಕೋಣೆ, ಗ್ರಂಥಾಲಯ, ಪರೀಕ್ಷೆಯ ಹಜಾರ ಬಂದವು. ಕಾಲೇಜಿನ ಪ್ರಾಧ್ಯಾಪಕರಲ್ಲಿ ಒಬ್ಬರು ವಿಲಿಯಂ ಕೇರಿ. 1817ರಲ್ಲಿ ಸಿರಾಂಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣ ಅವರದೇ. ಇಂಗ್ಲಿಷಿನಲ್ಲಿ ಬರೆದ, ಅಚ್ಚಾದ ಕನ್ನಡ ವ್ಯಾಕರಣಗಳಲ್ಲಿ ಅದು ಬಹಳ ಮೊದಲಿನದು. ದೂರದ ಬಂಗಾಳದ ಈ ಕಟ್ಟಡದೊಡನೆ ನಮ್ಮ ನುಡಿಗೂ ಹೀಗೆ ಒಂದು ನಂಟಿದೆ.

ಮುಂದೆ 1877ರಿಂದ 1882ರವರೆಗೆ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಆಶ್ಲಿ ಈಡನ್ ಅವರು ಸರಕಾರದ ಮುಖ್ಯ ಕಚೇರಿಗಳನ್ನು ಇಲ್ಲಿಗೆ ತಂದರು. ಅದುವರೆಗೆ ಬೋಳುಬೋಳಾಗಿದ್ದ ಮುಂಭಾಗಕ್ಕೆ ಗ್ರೀಕ್ ಮಾದರಿಯ ಕಂಬಗಳು, ಕೆಂಪು ಬಣ್ಣ, ಮೇಲೆ ಮಿನರ್ವ ದೇವತೆಯ ಪ್ರತಿಮೆ ಬಂದದ್ದು ಆ ಹೊತ್ತಿನಲ್ಲಿ. ನ್ಯಾಯ, ವಾಣಿಜ್ಯ, ವಿಜ್ಞಾನ, ಕೃಷಿ ಎಂಬ ನಾಲ್ಕು ವಿಷಯಗಳನ್ನು ಹೇಳುವ ಪ್ರತಿಮೆಗಳ ಗುಂಪುಗಳೂ ಅಲ್ಲಿವೆ. 1930ರ ದಶಂಬರ 8ರಂದು ಬಿನಯ್ ಬಸು, ಬಾದಲ್ ಗುಪ್ತ, ದಿನೇಶ್ ಗುಪ್ತ ಎಂಬ ಮೂವರು ತರುಣರು ಒಳಹೊಕ್ಕು ಕಾರಾಗೃಹಗಳ ಮಹಾನಿರೀಕ್ಷಕ ಸಿಂಪ್ಸನ್‌ನನ್ನು ಗುಂಡಿಟ್ಟು ಕೊಂದರು. ಮುಂದಿನ ಗುಂಡಿನ ಕಾಳಗ ನಡೆದದ್ದು ಕಚೇರಿಯ ಜಗಲಿಯಲ್ಲೇ. ಎದುರಿನ ಡಾಲ್‌ಹೌಸಿ ಚೌಕ ಇಂದು ಆ ಮೂವರ ಹೆಸರಿನಲ್ಲಿ ಬಿ.ಬಿ.ಡಿ. ಬಾಗ್ ಎನಿಸಿದೆ.

ಸ್ವಾತಂತ್ರ್ಯದ ನಂತರ ಇದು ಪಶ್ಚಿಮ ಬಂಗಾಳದ ಸಚಿವಾಲಯವಾಯಿತು. ಇಲಾಖೆಗಳು ಹೆಚ್ಚಿದವು, ನೌಕರರು ಹೆಚ್ಚಿದರು. ಜಾಗ ಸಾಲದೆ ಒಳಗಿನ ಅಂಗಳಗಳಲ್ಲಿ ಹೊಸ ಕಟ್ಟಡಗಳು ಎದ್ದವು. ಗಾಳಿ ಬೆಳಕಿಗೆಂದು ಬಿಟ್ಟಿದ್ದ ಅಂಗಳಗಳು ಅವು. ಅವು ತುಂಬಿಹೋದ ಮೇಲೆ ಹಳೆಯ ಕೋಣೆಗಳ ಕಿಟಕಿಗಳು ಇದ್ದೂ ಇಲ್ಲದಂತಾದವು. ದೊಡ್ಡ ಹಜಾರಗಳು ಅಡ್ಡಗೋಡೆಗಳಿಂದ ತುಂಡುತುಂಡಾದವು. ಜಗಲಿಗಳಲ್ಲಿ ಬೀರುಗಳೂ ಕಡತಗಳೂ ನಿಂತವು. ಜನ ನಡೆಯಲು ಉಳಿದದ್ದು ಒಂದು ಓಣಿ.

ಖಾಲಿ ಮಾಡುವುದು ಸುಲಭ, ಮರಳುವುದು ಕಷ್ಟ

2013ರ ಅಕ್ಟೋಬರದಲ್ಲಿ ರಾಜ್ಯ ಸರಕಾರ ದಿಟ್ಟ ತೀರ್ಮಾನ ಮಾಡಿತು. ಮುಖ್ಯಮಂತ್ರಿ ಕಚೇರಿ ಸಹಿತ ಸಚಿವಾಲಯ ಹೂಗ್ಲಿ ನದಿಯಾಚೆ ಹೌರಾದ ‘ನಬಾನ್ನ’ ಎಂಬ ಬಹುಮಹಡಿ ಕಟ್ಟಡಕ್ಕೆ ಹೋಯಿತು. ಉಡುಪು ತಯಾರಿಕೆಯ ಕೇಂದ್ರಕ್ಕೆಂದು ಕಟ್ಟಿದ್ದ ಮನೆ ಅದು. ರೈಟರ್ಸ್ ಕಟ್ಟಡವನ್ನು ಪೂರ್ತಿ ದುರಸ್ತಿ ಮಾಡಿ ಮರಳಿ ಬರುವುದೆಂದು ಆಗಿನ ಮಾತು. ಶಿಲ್ಪಶಾಸ್ತ್ರ, ಎಂಜಿನಿಯರಿಂಗ್ ಬಲ್ಲವರು ಕೂಡಿ ಯೋಜನೆ ರೂಪಿಸಿದರು. ಆ ಯೋಜನೆಯ ತಿರುಳು ಗಮನಿಸತಕ್ಕದ್ದು. ಹೊಸದಾಗಿ ಏನು ಸೇರಿಸಬೇಕು ಎಂಬುದಕ್ಕಿಂತ ಮೊದಲು ಏನನ್ನು ತೆಗೆಯಬೇಕು ಎಂದು ಅವರು ಕೇಳಿಕೊಂಡರು. ಸ್ವಾತಂತ್ರ್ಯದ ನಂತರ ಅಂಗಳಗಳಲ್ಲಿ ಎಬ್ಬಿಸಿದ್ದ ಕಟ್ಟಡಗಳಲ್ಲಿ ಕೆಲವನ್ನು ಕೆಡವಿ ಅಂಗಳಗಳನ್ನು ಮತ್ತೆ ತೆರೆಯುವ ಕೆಲಸ ನಡೆಯಿತು.

ಯೋಚನೆ ಸರಿಯಾಗಿತ್ತು. ಆದರೆ ಕೆಲಸ ಕುಂಟಿತು. 2023ರಲ್ಲಿ ಹತ್ತು ವರ್ಷ ತುಂಬಿದಾಗಲೂ ಸಚಿವಾಲಯ ಮರಳಿರಲಿಲ್ಲ. ಇಷ್ಟು ದೊಡ್ಡ ಕಟ್ಟಡವನ್ನು ಒಮ್ಮೆಲೇ ಖಾಲಿ ಮಾಡಿದರೆ ಹೀಗಾಗುವ ಅಪಾಯ ಇದ್ದೇ ಇರುತ್ತದೆ. ಹೋದವರು ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತಾರೆ. ಹಳೆಯ ಕಟ್ಟಡದ ಸೋರುವ ಮೂಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ದಿನಾ ಕಿಟಕಿ ತೆರೆಯುವ ಕೈಯಿಲ್ಲದ ಮನೆ ಬೇಗ ಮುಪ್ಪಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಊರಿನ ಪಾಳುಮನೆಗಳನ್ನು ನೋಡಿ ತಿಳಿದಿದ್ದರು. ದೊಡ್ಡ ಕಟ್ಟಡವಾದರೆ ಒಂದೊಂದು ಭಾಗವನ್ನಾಗಿ ಕೈಗೆತ್ತಿಕೊಂಡು, ಉಳಿದ ಭಾಗದಲ್ಲಿ ಕೆಲಸ ನಡೆಸುತ್ತ ಹೋಗುವುದು ನಿಧಾನವೆಂದು ಕಂಡರೂ ಕ್ಷೇಮ.

ಮುಂಬಯಿಯ ಇನ್ನೊಂದು ಪಾಠ

ಹೀಗೆಂದ ಮಾತ್ರಕ್ಕೆ ಖಾಲಿ ಮಾಡಿದ್ದೆಲ್ಲ ನಿಂತುಹೋಗುತ್ತದೆ ಎಂದಲ್ಲ. ಮುಂಬಯಿಯ ಫೋರ್ಟ್ ಭಾಗದಲ್ಲಿರುವ ಬಾಂಬೆ ಹೌಸ್ ಟಾಟಾ ಸಮೂಹದ ಕೇಂದ್ರ ಕಚೇರಿ. ಗೇಟ್‌ವೇ ಆಫ್ ಇಂಡಿಯಾದ ನಕ್ಷೆ ಬರೆದ ಜಾರ್ಜ್ ವಿಟೆಟ್ ಅವರೇ ಇದರ ಶಿಲ್ಪಿ. ಮಾಲಾಡಿನ ಕಲ್ಲಿನಲ್ಲಿ ಕಟ್ಟಿದ ಇದು 1924ರಲ್ಲಿ ಮುಗಿಯಿತು. ತೊಂಬತ್ತು ವರ್ಷ ದಾಟಿದ ಮೇಲೆ ಒಳಭಾಗವನ್ನು ಹೊಸ ಕಾಲಕ್ಕೆ ಹೊಂದಿಸುವ ಹೊಣೆಯನ್ನು ವಾಸ್ತುಶಿಲ್ಪಿ ಬೃಂದಾ ಸೋಮಯ್ಯ ಅವರಿಗೆ ವಹಿಸಲಾಯಿತು. ಒಂದು ವರ್ಷಕ್ಕೂ ಕಡಿಮೆ ಅವಧಿ ಮುಚ್ಚಿದ್ದು, 2018ರ ಜುಲೈ 29ರಂದು, ಜೆ.ಆರ್.ಡಿ. ಟಾಟಾ ಅವರ ಹುಟ್ಟುಹಬ್ಬದ ದಿನ, ಅದು ಮತ್ತೆ ತೆರೆಯಿತು. ಹೊರಗಿನ ಕಲ್ಲಿನ ಮುಖ ಹಾಗೆಯೇ ಉಳಿಯಿತು. ಒಳಗೆ ಇಂದಿನ ಕೆಲಸಕ್ಕೆ ಬೇಕಾದ ತೆರೆದ ಜಾಗಗಳು ಬಂದವು.

ಅಲ್ಲಿಯ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಆ ಕಟ್ಟಡದ ಬಾಗಿಲಲ್ಲಿ ವರ್ಷಗಳಿಂದ ಬೀದಿನಾಯಿಗಳು ಮಲಗುತ್ತಿದ್ದವು. ಅವನ್ನು ಓಡಿಸುವ ಪದ್ಧತಿ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಆ ನಾಯಿಗಳಿಗೂ ನೆಲಮಾಳಿಗೆಯ ಮಟ್ಟದಲ್ಲಲ್ಲ, ಬರುವವರ ಕಣ್ಣಿಗೆ ಕಾಣುವಂತೆ ಒಂದು ಕೋಣೆ ಮಾಡಲಾಯಿತು. ಯಾರು ಮೊದಲಿನಿಂದ ಆ ಜಾಗವನ್ನು ಬಳಸುತ್ತಿದ್ದರೋ ಅವರನ್ನು ನೆನಪಿಟ್ಟುಕೊಂಡು ನಕ್ಷೆ ಬರೆಯುವುದೆಂದರೆ ಇದೇ. ನಾಯಿಗಳ ಮಟ್ಟಿಗೆ ಅಷ್ಟು ನೆನಪಿದ್ದರೆ, ಅರ್ಜಿ ಹಿಡಿದು ಬರುವ ಮುದುಕಿಗೆ ಕೂರಲು ಒಂದು ಬೆಂಚು ಇರಬೇಕೆಂಬುದು ಎಲ್ಲ ಕಚೇರಿಗಳ ನಕ್ಷೆಗಾರರಿಗೂ ನೆನಪಿರಬೇಡವೆ?

ಬೆಂಕಿಗೆ ಇತಿಹಾಸ ಗೊತ್ತಿಲ್ಲ

ಹಳೆಯ ಕಟ್ಟಡದ ಅತಿ ದೊಡ್ಡ ಶತ್ರು ಮಳೆಯೋ ಗೆದ್ದಲೋ ಎಂದು ನಾವು ತಿಳಿದಿರುತ್ತೇವೆ. ಅವೆರಡೂ ನಿಧಾನವಾಗಿ ಬರುವವು, ನಮಗೆ ಎಚ್ಚರಗೊಳ್ಳಲು ಸಮಯ ಕೊಡುತ್ತವೆ. ಬೆಂಕಿ ಕೊಡುವುದಿಲ್ಲ. ಅದೇ ಕೊಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ ಸ್ಟೀಫನ್ ಕೋರ್ಟ್ ಎಂಬ ಹಳೆಯ ಕಟ್ಟಡವಿದೆ. ಅದರಲ್ಲಿ ಮನೆಗಳೂ ಕಚೇರಿಗಳೂ ಇದ್ದವು. 2010ರ ಮಾರ್ಚ್ 23ರಂದು ಅದಕ್ಕೆ ಬೆಂಕಿ ಬಿದ್ದು 43 ಮಂದಿ ಸತ್ತರು. ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋದವರು ಅವರಲ್ಲಿದ್ದರು. 2018ರ ಸೆಪ್ಟೆಂಬರ 2ರಂದು ಬ್ರೆಜಿಲಿನ ರಿಯೊ ನಗರದಲ್ಲಿ ಹಿಂದಿನ ಅರಮನೆಯಲ್ಲಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟಿತು. ಇನ್ನೂರು ವರ್ಷ ಕೂಡಿಸಿಟ್ಟ ಸಂಪತ್ತಿನ ಬಹುಪಾಲು ಒಂದೇ ರಾತ್ರಿ ಬೂದಿಯಾಯಿತು. ಬೆಂಕಿ ಹುಟ್ಟಿದ್ದು ನೆಲಅಂತಸ್ತಿನ ಒಂದು ಹವಾನಿಯಂತ್ರಣ ಯಂತ್ರದಲ್ಲೆಂದು ಅಲ್ಲಿನ ಪೊಲೀಸರ ತನಿಖೆ ಹೇಳಿತು.

ಏಕೆ ಹೀಗೆ? ನೂರು ವರ್ಷದ ಹಿಂದಿನ ಕಟ್ಟಡಕ್ಕೆ ಮೊದಲು ಬಂದದ್ದು ಕೆಲವು ದೀಪಗಳು. ಆಮೇಲೆ ಫ್ಯಾನು, ನಂತರ ಕಂಪ್ಯೂಟರು, ಪ್ರಿಂಟರು, ಕೊನೆಗೆ ಏ.ಸಿ. ಪ್ರತಿ ಸಲವೂ ಹಳೆಯ ತಂತಿಯಿಂದಲೇ ಒಂದು ಕವಲು ಎಳೆಯಲಾಯಿತು. ತಾಳಲಾರದ ಹೊರೆ ಹೊತ್ತ ತಂತಿ ಬಿಸಿಯೇರುತ್ತದೆ. ಪಕ್ಕದಲ್ಲೇ ಪ್ಲೈವುಡ್ಡು, ಒಣಗಿದ ಕಾಗದ, ಮರದ ತೊಲೆ. ಬೆಂಕಿಗೆ ಇನ್ನೇನು ಬೇಕು? ಹೊರಗೋಡುವ ಜಗಲಿಯಲ್ಲಿ ಬೀರು ಅಡ್ಡ ನಿಂತಿದ್ದರೆ ಮುಗಿಯಿತು. ಆದ್ದರಿಂದ ಹಳೆಯ ಕಚೇರಿಯನ್ನು ಹೊಸದು ಮಾಡುವಾಗ ಮೊದಲ ಹಣ ಹೋಗಬೇಕಾದದ್ದು ಬಣ್ಣಕ್ಕಲ್ಲ, ಕುರ್ಚಿಗಲ್ಲ. ಇಡೀ ವಯರಿಂಗನ್ನು ಹೊಸದಾಗಿ ಮಾಡಿಸುವುದಕ್ಕೆ ಮತ್ತು ಹೊರಬರುವ ದಾರಿಯನ್ನು ತೆರವು ಮಾಡುವುದಕ್ಕೆ.

ಕಟ್ಟಡ ಹೇಳುವುದನ್ನು ಕೇಳುವುದು

ಹಳೆಯ ಕಟ್ಟಡ ಕಟ್ಟಿದವರಿಗೆ ವಿದ್ಯುತ್ತಿನ ನೆಚ್ಚಿಕೆ ಇರಲಿಲ್ಲ. ಸೆಕೆಯನ್ನು ಕಟ್ಟಡವೇ ತಡೆಯಬೇಕಿತ್ತು. ಬಿಸಿಗಾಳಿ ಮೇಲೇರುವುದರಿಂದ ಛಾವಣಿಯನ್ನು ಎತ್ತರಕ್ಕೆ ಏರಿಸಿ, ಮೇಲ್ಗಡೆ ಗಾಳಿಕಿಂಡಿ ಇಟ್ಟರು. ಬಿಸಿಲು ನೇರವಾಗಿ ಗೋಡೆಗೆ ಬೀಳದಂತೆ ಸುತ್ತ ಜಗಲಿ ಮಾಡಿದರು. ದಪ್ಪ ಗೋಡೆ ಹಗಲಿನ ಬಿಸಿಯನ್ನು ಒಳಗೆ ಬಿಡಲು ಗಂಟೆಗಟ್ಟಲೆ ಹೊತ್ತು ತೆಗೆದುಕೊಳ್ಳುತ್ತದೆ. ನಡುವಿನ ಅಂಗಳ ಗಾಳಿಯಾಡಿಸುತ್ತದೆ. ಈ ನಾಲ್ಕೂ ಒಟ್ಟಾಗಿ ಕೆಲಸ ಮಾಡುವ ಒಂದು ಏರ್ಪಾಡು. ನಾವು ತಗ್ಗಿನಲ್ಲಿ ಸುಳ್ಳು ಛಾವಣಿ ಹೊಡೆದು, ಗಾಳಿಕಿಂಡಿ ಮುಚ್ಚಿ, ಜಗಲಿಗೆ ಗಾಜು ಹಾಕಿ ಕೋಣೆ ಮಾಡಿದರೆ ಆ ಏರ್ಪಾಡು ಮುರಿಯುತ್ತದೆ. ಆಮೇಲೆ ಸೆಕೆಯೆಂದು ಏ.ಸಿ. ತರುತ್ತೇವೆ.

ಗೋಡೆಯ ವಿಷಯವೂ ಹಾಗೆಯೇ. ಹಳೆಯ ಇಟ್ಟಿಗೆ, ಕಲ್ಲಿನ ಗೋಡೆಗಳಿಗೆ ಸುಣ್ಣದ ಗಾರೆ. ನೆಲದಿಂದ ಏರುವ ತೇವ ಸುಣ್ಣದ ಮೂಲಕ ಹೊರಗೆ ಆವಿಯಾಗಿ ಹೋಗುತ್ತದೆ. ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಇಟ್ಟಿಗೆ ಪುಡಿಯಾಗತೊಡಗುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು.

ಇನ್ನು ಭಾರ. ಕುಳಿತು ಬರೆಯುವ ಕಚೇರಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 250 ಕಿಲೋ ಭಾರವೆಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಕಡತಗಳನ್ನು ಒತ್ತೊತ್ತಾಗಿ ಜೋಡಿಸಿದ ಕೋಣೆಗೆ ಅದರ ಎರಡರಷ್ಟಾದರೂ ಹಿಡಿಯಬೇಕು. ಮರದ ತೊಲೆಯ ಮಾಳಿಗೆಯಲ್ಲಿ ನೂರು ವರ್ಷದ ಕಾಗದ ಒಟ್ಟಿದರೆ ತೊಲೆ ಬಾಗುವುದು ಸಹಜ. ದಾಖಲೆಗಳು ನೆಲಅಂತಸ್ತಿಗೆ ಇಳಿಯಲಿ, ತೇವ ತಾಗದಂತೆ ಎತ್ತರದ ಕಪಾಟಿನಲ್ಲಿ ಇರಲಿ. ಬೇಕಾದವುಗಳ ಪ್ರತಿ ಕಂಪ್ಯೂಟರಿನಲ್ಲಿರಲಿ. ಮಾಳಿಗೆಯಲ್ಲಿ ಮನುಷ್ಯರು ಕೂರಲಿ.

ಪಾರಂಪರಿಕ ಕಟ್ಟಡಗಳ ಬಗ್ಗೆ ಜಗತ್ತಿನ ತಜ್ಞರು 1964ರಲ್ಲಿ ವೆನಿಸಿನಲ್ಲಿ ಒಪ್ಪಿದ ಸೂತ್ರಗಳಲ್ಲಿ ಇದರ ಸಾರವಿದೆ. ಕಟ್ಟಡ ಸಮಾಜದ ಉಪಯೋಗಕ್ಕೆ ಒದಗುತ್ತಿದ್ದರೆ ಅದು ಉಳಿಯುವುದು ಸುಲಭ. ಆದರೆ ಉಪಯೋಗದ ನೆಪದಲ್ಲಿ ಅದರ ವಿನ್ಯಾಸವನ್ನು ಬದಲಿಸಬಾರದು. ಇದನ್ನು ದಿನಬಳಕೆಯ ಮಾತಿನಲ್ಲಿ ಹೇಳುವುದಾದರೆ, ನಾವು ಇಂದು ಇಡುವುದೆಲ್ಲ ನಾಳೆ ಬಿಚ್ಚಿ ತೆಗೆಯಲು ಬರುವಂತಿರಬೇಕು. ಗೋಡೆ ಕೊರೆದು ಹೂಳಿದ ಕೊಳವೆಗಿಂತ ಗೋಡೆಯ ಬುಡದಲ್ಲಿ ಓಡುವ ಕೊಳವೆ ಮೇಲು. ಛಾವಣಿಗೆ ತಾಗುವ ಅಡ್ಡಗೋಡೆಗಿಂತ ಎದೆಯೆತ್ತರದ, ತಾನೇ ನಿಲ್ಲುವ ತಡಿಕೆ ಮೇಲು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸಾರ್ವಜನಿಕ ಕಟ್ಟಡಗಳಿಗೆ ಗಾಲಿಕುರ್ಚಿಯವರೂ ಹೋಗುವಂತಿರಬೇಕು. ಅದಕ್ಕೂ ಹಳೆಯ ಕಲ್ಲಿನ ಮೆಟ್ಟಿಲು ಒಡೆಯಬೇಕಿಲ್ಲ. ಪಕ್ಕದ ಬಾಗಿಲಿಗೆ ಬಿಚ್ಚಬಹುದಾದ ಇಳಿಜಾರು ಹಾಕಿದರೆ ಸಾಕಾಗುವುದುಂಟು.

ನಮ್ಮ ಸುತ್ತಲಿನ ಮನೆಗಳು

ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡದವರು ಕಡಿಮೆ. ಅದಕ್ಕೂ ಮೊದಲು ಸರಕಾರಿ ಕಚೇರಿಗಳು ಟಿಪ್ಪುವಿನ ಮರದ ಅರಮನೆಯಲ್ಲಿದ್ದವು. 1831ರಿಂದ ಅಲ್ಲಿ ಇಕ್ಕಟ್ಟಿನಲ್ಲಿ ನಡೆದ ಕೆಲಸ 1868ರಲ್ಲಿ ಹೊಸ ಕಟ್ಟಡಕ್ಕೆ ಬಂತು. ಹದಿನೆಂಟು ಇಲಾಖೆಗಳು ಕೂಡಿದ್ದರಿಂದ ಹಿಂದೂಸ್ತಾನಿಯಲ್ಲಿ ‘ಅಠಾರಾ’. 1956ರಲ್ಲಿ ಸಚಿವಾಲಯ ವಿಧಾನಸೌಧಕ್ಕೆ ಹೋಯಿತು, ಇಲ್ಲಿ ಉಚ್ಚ ನ್ಯಾಯಾಲಯ ಉಳಿಯಿತು. 1980ರ ದಶಕದಲ್ಲಿ ಇದನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ವಿರೋಧಿಸಿದರು. ಹೆಚ್ಚಿನ ಕೋಣೆಗಳನ್ನು ಅದೇ ಕೆಂಪು ಬಣ್ಣದಲ್ಲಿ ಹಿಂಬದಿಗೆ ವಿಸ್ತರಿಸಿದ್ದರಿಂದ ಮುಂಭಾಗದ ಚೆಲುವು ಉಳಿಯಿತು.

ಗೋವೆಯ ಪಣಜಿಯಲ್ಲಿ ಮಾಂಡವಿ ದಡದ ಅರಮನೆ ವಿಜಾಪುರದ ಯೂಸುಫ್ ಆದಿಲ್‌ಶಾಹನ ಕಾಲದ್ದು. 1759ರಿಂದ ಪೋರ್ಚುಗೀಸ್ ವೈಸ್‌ರಾಯರ ನಿವಾಸ, ಆಮೇಲೆ ಸರಕಾರಿ ಕಚೇರಿ, ಗೋವೆಯ ವಿಮೋಚನೆಯ ನಂತರ ಸಚಿವಾಲಯ ಮತ್ತು ವಿಧಾನಸಭೆ. 2000ದಲ್ಲಿ ವಿಧಾನಸಭೆ ಪರ್ವರಿಗೆ ಹೋದ ಮೇಲೆ ಹಳೆಯ ಕಟ್ಟಡಕ್ಕೆ ಪ್ರದರ್ಶನ, ವಸ್ತುಸಂಗ್ರಹಗಳ ಹಗುರ ಕೆಲಸ ಸಿಕ್ಕಿತು. ಮುಪ್ಪಿನವರಿಗೆ ಭಾರ ಇಳಿಸಿ ಮನೆಯಲ್ಲಿ ಗೌರವದ ಸ್ಥಾನ ಕೊಟ್ಟ ಹಾಗೆ. ಸೊಲ್ಲಾಪುರದವರಿಗೆ ಇಂದ್ರಭುವನದ ಪರಿಚಯ ಹೇಳಬೇಕಿಲ್ಲ. ಅಪ್ಪಾಸಾಹೇಬ ವಾರದ ಅವರು ಕಟ್ಟಿಸಿದ ಆ ಭವ್ಯ ಮನೆ ಮುಂದೆ ನಗರಪಾಲಿಕೆಯ ಕಚೇರಿಯಾಗಿ ಊರಿನವರ ಮನೆಯೇ ಆಯಿತು.

ಧರ್ಮಕೇಂದ್ರದ ಕಚೇರಿಗೂ ಅನ್ವಯ

ಇದೆಲ್ಲ ದೊಡ್ಡ ಊರಿನ ಮಾತಾಯಿತು ಎನ್ನಬೇಡಿ. ನಮ್ಮ ಎಷ್ಟೋ ಧರ್ಮಕೇಂದ್ರಗಳ ಗುರುಮನೆ, ಶಾಲೆಯ ಕಚೇರಿಗಳು ಅಜ್ಜಂದಿರ ಕಾಲದವು. ಜ್ಞಾನಸ್ನಾನದ, ಮದುವೆಯ ದಾಖಲೆ ಪುಸ್ತಕಗಳು ಅಲ್ಲಿವೆ. ಎಷ್ಟೋ ಮಂದಿಗೆ ತಮ್ಮ ಮುತ್ತಜ್ಜನ ಹೆಸರು ಬರೆದಿಟ್ಟ ಒಂದೇ ಹಾಳೆ ಅದು. ಜಾಗ ಸಾಲದೆಂದು ಕೋಣೆ ಬದಲಿಸಲು ಹೊರಟಾಗ ಪಾಲನಾ ಸಮಿತಿಯವರು ಈ ಕ್ರಮ ಅನುಸರಿಸಬಹುದು.

ಮೊದಲು ಪ್ರತಿ ಕೋಣೆಯ ಅಳತೆ ತೆಗೆದು ಫೋಟೋ ಹಿಡಿದಿಡಿ. ಯಾವ ಗೋಡೆ ಛಾವಣಿಯ ಭಾರ ಹೊತ್ತಿದೆ, ಯಾವುದು ಆಮೇಲೆ ಬಂದದ್ದು ಎಂದು ಬಲ್ಲ ಎಂಜಿನಿಯರರಿಂದ ಗುರುತು ಹಾಕಿಸಿ. ಮುಚ್ಚಿಹೋದ ಕಿಟಕಿ, ಗಾಳಿಕಿಂಡಿಗಳನ್ನು ಹುಡುಕಿ ತೆರೆಯಿರಿ. ಇಷ್ಟರಿಂದಲೇ ಅರ್ಧ ಕಚೇರಿ ಹೊಸದಾಗುತ್ತದೆ. ಬೇಡದ ಸಾಮಾನು ಹೊರಹಾಕಿ. ಆದರೆ ಹಳೆಯ ಕಾಗದವನ್ನು ಓದದೆ ರದ್ದಿಗೆ ಹಾಕಬೇಡಿ. ವಯರಿಂಗ್ ಪರೀಕ್ಷೆ ಮಾಡಿಸಿ, ದಾಖಲೆ ಪುಸ್ತಕಗಳನ್ನು ಮೀಟರ್ ಬೋರ್ಡಿನಿಂದ ದೂರ ಇಡಿ. ಮಳೆಗಾಲದ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಹರಿಯಬಿಡಿ. ಹಣ ಖರ್ಚಾಗುವುದು ಇವೆಲ್ಲ ಮುಗಿದ ಮೇಲೆ ಉಳಿಯುವ ಮೇಜು, ಕುರ್ಚಿ, ಬಣ್ಣಕ್ಕೆ.

ನಕ್ಷೆಗೆ ಸಹಿ ಹಾಕುವ ಮುನ್ನ ಮೂರು ಜನರನ್ನು ಆ ಕೋಣೆಯಲ್ಲಿ ನಿಲ್ಲಿಸಿ ಕೇಳಿ. ದಿನವಿಡೀ ಅಲ್ಲಿ ಕುಳಿತು ಬರೆಯುವವರು ಒಬ್ಬರು; ಬೆಳಕು ಯಾವ ಕಡೆಯಿಂದ ಬರುತ್ತದೆಂದು ಅವರಿಗೆ ಗೊತ್ತು. ದಿನಾ ಗುಡಿಸಿ ಒರೆಸುವವರು ಇನ್ನೊಬ್ಬರು. ಎಲ್ಲಿ ಸೋರುತ್ತದೆ, ಎಲ್ಲಿ ಗೆದ್ದಲು ಹತ್ತಿದೆ ಎಂಬುದನ್ನು ಮೊದಲು ಕಂಡವರು ಅವರೇ. ಮೂರನೆಯವರು ಒಂದು ಪ್ರಮಾಣಪತ್ರಕ್ಕಾಗಿ ವರ್ಷಕ್ಕೊಮ್ಮೆ ಬರುವ ಹಿರಿಯರು. ಬಾಗಿಲು ದಾಟಲು ಮೆಟ್ಟಿಲು ಎಷ್ಟು ಎತ್ತರ, ಕೂರಲು ಎಲ್ಲಿ, ಯಾರನ್ನು ಕೇಳಬೇಕು ಎಂಬ ಅವರ ಮೂರು ಪ್ರಶ್ನೆಗಳಿಗೆ ಹೊಸ ನಕ್ಷೆಯಲ್ಲಿ ಉತ್ತರ ಇದೆಯೇ ನೋಡಿ. ಇಲ್ಲದಿದ್ದರೆ ಗೋಡೆಗೆ ಕೈ ಹಚ್ಚುವ ಮೊದಲು ಕಾಗದದ ಮೇಲೆಯೇ ಇನ್ನೊಮ್ಮೆ ಬರೆಯಿಸಿ. ಕಾಗದದ ಮೇಲೆ ಅಳಿಸುವುದಕ್ಕೆ ಖರ್ಚಿಲ್ಲ.